ದೀಪದ ಕಂಬದ ಸ್ಟಾಪು

ಗುಡಿಯ ಬಾಗಿಲು ಹಾಕುತ್ತಿದ್ದಂತೆ ಎದುರು ರಸ್ತೆಯ ಕಲ್ಲಿನ ದೀಪದ ಕಂಬ ಒಳಗೋಡೆಯ ಮೇಲೆ ತಲೆಕೆಳಗಾಗಿ ಮೂಡಿತು. ಸಮಿತಿ ಅಧ್ಯಕ್ಷ ಶಾಂತಮಲ್ಲಪ್ಪ ಕೈ ಮುಗಿದರು. ನಾಳೆ ಇದೇ ಹೊತ್ತಿಗೆ ಪ್ರವಾಸೋದ್ಯಮದ ಸಾಹೇಬರು ನೋಡಿ ಮೆಚ್ಚಿದರೆ ಬಂಡೀಪುರಕ್ಕೆ ಹೋಗುವ ಕಾರುಗಳೆಲ್ಲ ಇತ್ತ ತಿರುಗುತ್ತವೆ.

"ಕ್ಯಾಮೆರಾ ಕಂಡಿಡಿಯಕ್ ಮುಂಚೆನೇ ನಮ್ಮೋರು ಮಾಡ್ಬುಟ್ಟವ್ರೆ ಕಣಮ್ಮಿ."

"ಗೋಡೇಲಿ ಒಂದು ತೂತದೆ ಅಪ್ಪಾಜಿ, ಅಷ್ಟೇಯ. ಬಿಸ್ಲಲ್ಲಿ ಏನ್ ನಿಂತದೋ ಅದು ಒಳಕ್ ಬತ್ತದೆ," ಎಂದಳು ಗುಂಡ್ಲುಪೇಟೆಯಲ್ಲಿ ಬಿಎಸ್ಸಿ ಓದುವ ಮಗಳು ಕಾವ್ಯಶ್ರೀ.

ಅಷ್ಟರಲ್ಲಿ ಕಂಬದ ಪಕ್ಕ ಒಂದು ಕೆಂಪು ಟವೆಲು ಬಂದು ನಿಂತಿತು. ತಲೆ ಕೆಳಗೆ, ಕಾಲು ಮೇಲೆ. ಪಾದ ನೇರ ಗರ್ಭಗುಡಿಯ ಬಾಗಿಲ ನೆತ್ತಿಯಲ್ಲಿ.

"ಕೇರಿ ಪುಟ್ಟಮಾದು ಅಲ್ವಾ ಅದು?" ಎಂದರು ಅರ್ಚಕ ಶಂಭುಲಿಂಗಪ್ಪ.

ಕೇರಿಯವರು ಯಾರೂ ಈ ಗುಡಿಯ ಹೊಸ್ತಿಲು ತುಳಿದವರಲ್ಲ. ಕಾನೂನು ಬಿಡಿ, ರೂಢಿ ಹಾಗಿತ್ತು. ಅರ್ಚಕರು ಬಿಂದಿಗೆ ನೀರನ್ನು ಗೋಡೆಗೆ ಎರಚಿದರು. ಗೋಡೆ ತೊಯ್ದಿತು. ಪುಟ್ಟಮಾದು ಅಲ್ಲೇ ನಿಂತು ಬೀಡಿ ಹಚ್ಚಿದ.

"ಮುಚ್ಚಿ ಆ ತೂತ," ಎಂದರು ಶಾಂತಮಲ್ಲಪ್ಪ.

"ಮುಚ್ಚುದ್ರೆ ಕಂಬಾನೂ ಓಯ್ತದೆ ಅಪ್ಪಾಜಿ."

ಶಾಂತಮಲ್ಲಪ್ಪ ಹೊರಗೆ ಬಂದರು. "ಲೋ ಮಾದು, ನಾಳೆ ಈ ಒತ್ನಲ್ಲಿ ಕಂಬದ್ ತಾವು ನಿಂತ್ಕಬ್ಯಾಡ ಕಣ್ಲಾ."

ಪುಟ್ಟಮಾದು ಬೀಡಿಯನ್ನು ಬೆನ್ನ ಹಿಂದೆ ಮರೆಮಾಡಿದ. "ಗುಂಡ್ಲುಪೇಟೆ ಬಸ್ಸು ನಿಂತ್ಕಳದು ಇಲ್ಲೇಯ ಅಲ್ವಾ ಬುದ್ದಿ? ನಾನೇನ್ ಮಾಡ್ದೆ?"

"ಇಲ್ಲಿ ನಿಂತೋರು ಒಳಗೆ ದೇವ್ರ ಬಾಗ್ಲಲ್ಲಿ ಕಾಣ್ತಾರೆ, ತಲೆಕೆಳ್ಗಾಗಿ," ಎಂದಳು ಹಿಂದೆಯೇ ಬಂದ ಕಾವ್ಯಶ್ರೀ.

ಅವನು ಗುಡಿಯ ಗೋಡೆಯನ್ನು ಮೇಲಿಂದ ಕೆಳಗೆ ನೋಡಿದ.

"ಒಬ್ರೇನಾ ಅವ್ವ ಕಾಣದು? ಎಷ್ಟ್ ಜನ ನಿಂತ್ರೂ ಇಡಿಸ್ತದಾ?"

ಬಸ್ಸು ಬಂತು. ಉತ್ತರಕ್ಕೆ ಕಾಯದೆ ಹತ್ತಿಕೊಂಡ.

ಮರುದಿನ ಸಾಹೇಬರು ಬಂದರು. ಬಾಗಿಲು ಹಾಕಿದರು. ಗೋಡೆಯ ಮೇಲೆ ಕಂಬ ಮೂಡಿತು. ಅದರ ಎರಡೂ ಬದಿಗೆ ಇಡೀ ಕೇರಿ ಮೂಡಿತು: ಕೈಚೀಲಗಳು, ಟವೆಲುಗಳು, ಕಂಕುಳ ಕೂಸುಗಳು, ಮದುವೆಗೆ ಹೊರಟಂತೆ ಹೊಸ ಸೀರೆ ಉಟ್ಟ ಮುದುಕಿಯರು.

"ಚೆನ್ನಾಗಿದೆ. ಇವರೆಲ್ಲ ಯಾರು?" ಎಂದರು ಸಾಹೇಬರು.

"ಬಸ್ಸಿಗೆ ಕಾಯ್ತಾವ್ರೆ ಸಾರ್. ಈಗ ಒಂಟೋಯ್ತರೆ," ಎಂದರು ಶಾಂತಮಲ್ಲಪ್ಪ, ಮೊಬೈಲಿನಲ್ಲಿ ಹೊತ್ತು ನೋಡುತ್ತಾ.

ಬಸ್ಸು ಬಂತು. ಚಕ್ರ ಮೇಲಾಗಿ ಗೋಡೆ ತುಂಬ ನಿಂತಿತು, ಹಾರ್ನ್ ಹೊಡೆಯಿತು, ಹೊರಟುಹೋಯಿತು.

ಒಬ್ಬರೂ ಹತ್ತಿರಲಿಲ್ಲ.