ಮೇಷ್ಟ್ರು ಹೊಡೆದ ಮೊಳೆ

ಮಗಳಿಗೆ ಎರಡು ವರ್ಷವಾದಾಗ ಮೇಷ್ಟ್ರು ಅವಳ ಕೈಯಿಂದಲೇ ಹಿತ್ತಲಲ್ಲಿ ಹೊಂಗೆ ಸಸಿ ನೆಡಿಸಿದ್ದರು. ಐದು ತುಂಬಿದ ದಿನ ಅವಳನ್ನು ಮರಕ್ಕೆ ಒರಗಿಸಿ ನಿಲ್ಲಿಸಿ, ನೆತ್ತಿಯ ಮಟ್ಟಕ್ಕೆ ಒಂದು ಮೊಳೆ ಹೊಡೆದರು.

"ನೋಡ್ತಿರು, ನೀನು ಕಾಲೇಜಿಗೆ ಹೋಗೋ ಹೊತ್ತಿಗೆ ಈ ಮೊಳೆ ಮುಟ್ಟೋಕೆ ಏಣಿ ಬೇಕಾಗುತ್ತೆ."

ಬೀದಿಯವರಿಗೆಲ್ಲ ಇದನ್ನೇ ಹೇಳಿಕೊಂಡು ತಿರುಗಿದರು. ಒಂದು ಏಣಿಯನ್ನೂ ಮಾಡಿಸಿಟ್ಟರು.

ಕಾಲೇಜು ಸೇರಿದ ದಿನ ಮಗಳು ಮರದ ಹತ್ತಿರ ಹೋದಳು. ಮರ ಮಾಳಿಗೆ ದಾಟಿ ಬೆಳೆದಿತ್ತು. ಕಾಂಡಕ್ಕೆ ದಟ್ಟವಾಗಿ ಹಬ್ಬಿದ್ದ ಅಮೃತಬಳ್ಳಿಯನ್ನು ಸರಿಸಿದರೆ, ಮೊಳೆ ಅವಳ ಸೊಂಟದ ಮಟ್ಟದಲ್ಲಿತ್ತು.

ಏಣಿ ಹೊತ್ತು ಬಂದ ಮೇಷ್ಟ್ರಿಗೆ ಮೈಯೆಲ್ಲ ಉರಿಯಿತು. "ಇದು ಪಕ್ಕದ ಮನೆಯವರದೇ ಕಿತಾಪತಿ. ಕಿತ್ತು ಕೆಳಗೆ ಹೊಡೆದಿದ್ದಾರೆ."

"ಇಲ್ಲಪ್ಪ, ಮರ ಎತ್ತರಕ್ಕೆ ಬೆಳೆಯೋದು ತುದಿಯಲ್ಲಿ. ಕಾಂಡಕ್ಕೆ ಹೊಡೆದ ಮೊಳೆ ಹೊಡೆದಲ್ಲೇ ಇರುತ್ತೆ. ಏಳನೇ ಕ್ಲಾಸಿನಲ್ಲೇ ಈ ಪಾಠ ಆಗಿತ್ತು."

ಮೇಷ್ಟ್ರು ಹೆಗಲಿನ ಏಣಿ ಇಳಿಸಿದರು. "ಯಾವ ಪುಣ್ಯಾತ್ಮ ನಿಂಗೆ ಆ ಪಾಠ ಮಾಡಿದ್ದು?"

"ನೀವೇ ಅಪ್ಪ. ತಪ್ಪು ಉತ್ತರ ಬರೆದ ಹನ್ನೊಂದು ಜನರನ್ನ ಬೆಂಚಿನ ಮೇಲೆ ನಿಲ್ಲಿಸಿದ್ರಿ."