ಆ್ಯಪ್ ಮುಟ್ಟಬಾರದು

"ಅಲ್ಲಾಡಬೇಡಿ. ಮುಖ ಕ್ಯಾಮೆರಾದಲ್ಲೇ ಇರಲಿ."

ಪಂಕಜಾಕ್ಷಿ ಅಲ್ಲಾಡಲಿಲ್ಲ. ಮೊಬೈಲಿನ ಪರದೆಯಲ್ಲಿ ಇನ್‌ಸ್ಪೆಕ್ಟರ್ ಕೂತಿದ್ದ. ಖಾಕಿ ಅಂಗಿ, ಹೆಗಲ ಮೇಲೆ ನಕ್ಷತ್ರ, ಬೆನ್ನ ಹಿಂದೆ ಮುಚ್ಚಿದ ಬಾಗಿಲು. ಅಂಗಿ ಅವನಿಗೆ ದೊಡ್ಡದಾಗಿತ್ತು. ದಿಲ್ಲಿಯಿಂದ ಮಾತನಾಡುತ್ತಿದ್ದೇನೆ ಎಂದಿದ್ದ. ಆಕೆಯ ಹೆಸರಿನ ಪಾರ್ಸೆಲಿನಲ್ಲಿ ಮಾದಕವಸ್ತು ಸಿಕ್ಕಿದೆಯಂತೆ. ಬ್ಯಾಂಕಿನಲ್ಲಿರುವುದನ್ನೆಲ್ಲ ತನಿಖೆಗೆ ಕಳಿಸುವವರೆಗೆ ಆಕೆ ಬಂಧನದಲ್ಲಿ, ಬೋಳಾರದ ತನ್ನ ಮನೆಯಲ್ಲೇ. ಬಾಯಿಬಿಟ್ಟರೆ ಮಗ ವಿಶ್ವೇಶನೂ ಒಳಗೆ. ಮಗನೂ ಸೊಸೆ ಶ್ರಾವಣಿಯೂ ಆಫೀಸಿಗೆ ಹೋಗಿದ್ದರು.

"ಒಲೆಯಲ್ಲಿ ಗಂಜಿ ಉಂಟು ಸರ್. ಆರಿಸಿ ಬರ್ಲಾ?"

"ಕುಚ್ಚಲಕ್ಕಿದಾ?"

ಕೇಳಿದವನೇ ತಿರುಗಿ ಬಾಗಿಲ ಕಡೆ ನೋಡಿದ. ಅವನ ಹಿಂದಿನ ಬಾಗಿಲು ಸದ್ದು ಮಾಡಿದ್ದೇ ಧ್ವನಿ ಏರಿತು.

"ಈ ಕೇಸಲ್ಲಿ ಇನ್ನೊಬ್ಬ ಇದ್ದಾನೆ. ಜಿತೇಶ್, ನಿಮ್ಮ ಕಡೆಯವನೇ, ಕಾಟಿಪಳ್ಳದವ. ತಾಯಿ ಕಿನ್ನಿ, ಬೀಡಿ ಕಟ್ಟುವವಳು. ಬ್ಯಾಂಕಾಕಲ್ಲಿ ಕಂಪ್ಯೂಟರ್ ಕೆಲಸ ಅಂತ ಅವಳಿಗೆ ಹೇಳಿ ಹೋದವ. ಪಾಸ್‌ಪೋರ್ಟ್ ಕಸಿದು ಕೂಡಿಹಾಕಿ ಆಗಿದೆ. ಗೊತ್ತುಂಟಾ ಅವನು?"

"ದೇವರಾಣೆ ಗೊತ್ತಿಲ್ಲ ಸರ್!"

"ಹೆಸರು ನೆನಪಿಡಿ. ತಾಯಿಯದ್ದೂ."

ಪಂಕಜಾಕ್ಷಿ ಬಾಯಿಪಾಠ ಮಾಡಿಕೊಂಡಳು. ಬ್ಯಾಂಕಿಗೆ ಹೊರಡುತ್ತೇನೆಂದಾಗ ಅವನೇ ತಡೆದ.

"ನಿಮ್ಮ ಮೊಬೈಲ್ ಹ್ಯಾಂಗ್ ಆಗ್ತಾ ಉಂಟು. ಆಫ್ ಮಾಡಿ ಆನ್ ಮಾಡಿ. ಆಮೇಲೆ ಈ ವಿಡಿಯೋ ಕಾಲಿನ ಆ್ಯಪ್ ಮುಟ್ಟಬಾರದು. ನಾನೇ ಕಾಲ್ ಮಾಡ್ತೇನೆ. ಅಲ್ಲಿವರೆಗೆ ಒಂದು ಪೈಸೆಯೂ ಕಳಿಸಬಾರದು." ತಗ್ಗಿದ ಧ್ವನಿಯಲ್ಲಿ ಹೇಳಿದ: "ಗಂಜಿ ಉಣ್ಣಿ."

ಮೊಬೈಲ್ ಆರಿತು, ಮತ್ತೆ ಬೆಳಗಿತು. ರಿಂಗಾಗಲಿಲ್ಲ. ಆಕೆ ಒಲೆ ಆರಿಸಿ ಬಂದು ಅದೇ ಕುರ್ಚಿಯಲ್ಲಿ ಕೂತಳು. ಗಂಜಿ ಪಾತ್ರೆಯಲ್ಲೇ ಉಳಿಯಿತು. ಪಕ್ಕದ ಮನೆಯ ವೆರೋನಿಕಾ ಗೇಟಿನಿಂದ ಕರೆದರೂ ಓಗೊಡಲಿಲ್ಲ. ಮನೆಯ ಬಾಗಿಲಿಗೆ ಚಿಲಕ ಕೂಡ ಹಾಕಿರಲಿಲ್ಲ. ಆದರೂ ಆಕೆ ಹೊಸ್ತಿಲು ದಾಟಲಿಲ್ಲ.

ಸಂಜೆ ಶ್ರಾವಣಿ ಬಂದಾಗ ಅತ್ತೆ ಅಲ್ಲೇ ಇದ್ದಳು. ಅಳುತ್ತ ಎಲ್ಲ ಹೇಳಿದಳು.

"ಅಯ್ಯೋ ಅತ್ತೆ, ಪೊಲೀಸೂ ಅಲ್ಲ ಎಂತದೂ ಅಲ್ಲ, ಇದು ಮೋಸ ಮಾರಾಯ್ರೆ! ಆಫ್ ಮಾಡಿ ಆನ್ ಮಾಡಿದ ಮೇಲೆ ಈ ಆ್ಯಪನ್ನು ಒಮ್ಮೆ ತೆರೆಯದೆ ಕಾಲ್ ಬರುವುದೇ ಇಲ್ಲ. ಅಷ್ಟೂ ಗೊತ್ತಿಲ್ಲದ ಕಳ್ಳ ಸಿಕ್ಕಿದ್ದು ನಿಮ್ಮ ಪುಣ್ಯ."

ಹೇಳುತ್ತಲೇ ಅವಳು ಆ್ಯಪ್ ತೆರೆದಳು. ಕಾದು ಕೂತಿದ್ದಂತೆ ರಿಂಗಾಯಿತು.

ಪರದೆಯ ಮೇಲೆ ಅದೇ ಖಾಕಿ ಅಂಗಿ. ತೊಟ್ಟವನು ಬೇರೆ, ಇವನಿಗೆ ಅದು ಸರಿಯಾಗಿ ಕೂತಿತ್ತು. ಹಿಂದಿನ ಬಾಗಿಲ ಬಳಿ ಬೆಳಗಿನ ಇನ್‌ಸ್ಪೆಕ್ಟರ್ ಬನಿಯನಿನಲ್ಲಿ ಮೊಣಕಾಲೂರಿದ್ದ. ತುಟಿ ಒಡೆದಿತ್ತು. ಪಂಕಜಾಕ್ಷಿಯನ್ನು ಕಂಡು ಬೇಡ ಎಂಬಂತೆ ತಲೆಯಾಡಿಸಿದ.

ಶ್ರಾವಣಿ ಕಾಲ್ ಕಟ್ ಮಾಡಿದಳು. ಪಂಕಜಾಕ್ಷಿ ಕುರ್ಚಿಯಿಂದೆದ್ದಳು.

"ಚಪ್ಪಲಿ ಬಿಚ್ಚಬೇಡ ಶ್ರಾವಣೀ. ಕಾಟಿಪಳ್ಳದ ಕಿನ್ನಿಗೆ ಹೇಳಬೇಕು, ಇವತ್ತು ನನ್ನನ್ನು ಉಳಿಸಿದವ ಅವಳ ಮಗ ಅಂತ."