ಎಡಭಾಗದ ಬಿಸಿ

"ಇಲ್ಲೇ ಬಿಚ್ಚಪ್ಪಾ, ನನ್ನ ಕಣ್ಣೆದುರಿಗೇ," ಎಂದಳು ಆಕೆ.

ರಿಪೇರಿಯವನು ಸ್ಕ್ರೂಡ್ರೈವರ್ ಕೆಳಗಿಟ್ಟ. ಯಂತ್ರ ಕಂಡ ಕೂಡಲೇ ಅವನ ಮುಖ ಸಪ್ಪಗಾಗಿತ್ತು. "ಬೇಡಮ್ಮಾ. ನೀರು ಕುಡಿದಿರೋ ಯಂತ್ರ. ಒಳಗೆ ನೋಡ್ತೀನಿ." ಉತ್ತರಕ್ಕೂ ಕಾಯದೆ ಅದನ್ನೆತ್ತಿಕೊಂಡು ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಹಳೆಯ ಕಂಪ್ಯೂಟರು ಮುಟ್ಟುವವನು ಊರಿಗೆ ಇವನೊಬ್ಬನೇ. ಜಗಳ ಆಡುವಂತಿರಲಿಲ್ಲ.

ಆಕೆ ಸ್ಟೂಲಿನ ತುದಿಯಲ್ಲಿ ಕುಳಿತಳು. ತಪ್ಪು ಅವಳದೇ. ಧೂಳು ಒರೆಸುವಾಗ ಮೊಣಕೈ ತಗುಲಿ ಹೂದಾನಿ ಉರುಳಿತ್ತು. ನೀರೆಲ್ಲ ಕೀಲಿಮಣೆಯ ಒಳಕ್ಕೆ.

ನಲವತ್ತು ವರ್ಷದ ಹಿಂದೆ ಗಡಿಯಾರ ಕಾರ್ಖಾನೆಯವರು ಅವಳನ್ನು ತರಬೇತಿಗೆ ಜಪಾನಿಗೆ ಕಳಿಸಿದ್ದರು. ಹೊಸದಾಗಿ ಕೈಹಿಡಿದ ಗಂಡನಿಗೆಂದು ಆಕೆ ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ತಂದದ್ದು ಈ ಕಂಪ್ಯೂಟರು. ರಬ್ಬರಿನ ಕೀಲಿಗಳು, ಅವುಗಳ ಮೇಲೆ ಇಬ್ಬರಿಗೂ ಓದಲು ಬಾರದ ಜಪಾನಿ ಅಕ್ಷರಗಳು. ಪರದೆ ಇಲ್ಲ, ಟಿವಿಗೆ ಜೋಡಿಸಬೇಕು. ಪ್ರೋಗ್ರಾಮು ಕ್ಯಾಸೆಟ್ಟಿನಲ್ಲಿ. ಅಲ್ಲಿನ ಕರೆಂಟಿನ ವೋಲ್ಟೇಜು ಇಲ್ಲಿಗಿಂತ ಕಡಿಮೆ, ಆದ್ದರಿಂದ ನಡುವೆ ಒಂದು ಟ್ರಾನ್ಸ್‌ಫಾರ್ಮರ್ ಡಬ್ಬ. ಅದನ್ನು ಮರೆತು ನೇರ ಗೋಡೆಗೆ ಚುಚ್ಚಿದರೆ ಸುಟ್ಟೇ ಹೋಗುತ್ತದೆಂದು ಗಂಡನಿಗೆ ಅವಳು ನೂರು ಸಲ ಹೇಳಿದ್ದಳು.

ಪತ್ರಿಕೆಯಲ್ಲಿ ಅಚ್ಚಾಗಿದ್ದ ದೋಣಿಯಾಟದ ಪ್ರೋಗ್ರಾಮನ್ನು ಅವಳು ಸಾಲು ಸಾಲಾಗಿ ಓದಿ ಹೇಳಿದ್ದಳು, ಅವನು ಕೀಲಿ ಒತ್ತಿದ್ದ. ಹನ್ನೊಂದು ದಿನ ಹಿಡಿದಿತ್ತು. ಇಂದಿಗೂ ಬೆಳಿಗ್ಗೆ ಆ ಆಟವನ್ನು ಒಮ್ಮೆ ಆಡದೆ ಅವನು ತಿಂಡಿಗೆ ಏಳುವವನಲ್ಲ.

ಈಗ ಅವನು ಹೃದಯದ ಆಪರೇಷನ್ ಆಗಿ ಆಸ್ಪತ್ರೆಯಲ್ಲಿದ್ದ. ಶುಕ್ರವಾರ ಮನೆಗೆ ಬರುತ್ತಾನೆ. ಮನಸ್ಸಿಗೆ ನೋವಾಗುವಂಥದ್ದು ಏನೂ ಬೇಡವೆಂದು ಡಾಕ್ಟರು ಒತ್ತಿ ಹೇಳಿದ್ದರು. ಹಾಗಿರುವಾಗ ಇದನ್ನು ಯಾವ ಬಾಯಲ್ಲಿ ಹೇಳುವುದು?

ಐದೇ ನಿಮಿಷಕ್ಕೆ ರಿಪೇರಿಯವನು ಹೊರಬಂದ. "ಇದರ ಆಸೆ ಬಿಡಿ ಅಮ್ಮಾ. ಇದರ ಚಿಪ್‌ಗಳು ಈಗ ಎಲ್ಲೂ ಸಿಗಲ್ಲ." ಹಿಂದೆ ಬಾಗಿಲು ಎಳೆದುಕೊಳ್ಳುತ್ತ ಹೇಳಿದ: "ಒಂದು ದಾರಿ ಇದೆ. ಮೇಲಿನ ಡಬ್ಬ, ಕೀಲಿ ಎಲ್ಲ ಹಾಗೇ ಇರುತ್ತೆ. ಒಳಗೆ ಅಂಗೈಯಷ್ಟು ಹೊಸ ಬೋರ್ಡು. ಅದರಲ್ಲಿ ಎಮ್ಯುಲೇಟರ್ ಅಂತ ಒಂದು ಪ್ರೋಗ್ರಾಮು, ಹಳೇ ಯಂತ್ರದ ಥರಾನೇ ನಟನೆ ಮಾಡುತ್ತೆ."

"ಅವರಿಗೆ ಗೊತ್ತಾದ್ರೆ?"

"ಒಂದೇ ಮನೇಲಿರೋರಿಗೇ ಗೊತ್ತಾಗಲ್ಲಮ್ಮಾ. ಅನುಭವದ ಮೇಲೆ ಹೇಳ್ತಿದೀನಿ."

"ಮೋಸ ಅಲ್ವೇನಪ್ಪಾ ಇದು?"

ಅವನು ನೆಲ ನೋಡಿದ. "ಅದು ನಿಮ್ಮ ಮನೆಯ ವಿಷಯ. ನಾನಂತೂ ಒಬ್ಬರ ಮಾತನ್ನ ಇನ್ನೊಬ್ಬರ ಕಿವಿಗೆ ಹಾಕೋನಲ್ಲ."

ಆಕೆಗೆ ನಾಚಿಕೆಯಾಯಿತು. ಆದರೂ ಹೂಂ ಎಂದಳು. ಕಾರ್ಖಾನೆಯಲ್ಲಿ ಗಡಿಯಾರ ತಪಾಸಣೆ ಮಾಡಿದ ಜೀವ, ಅರೆಬರೆ ಕೆಲಸ ಒಪ್ಪುವಂಥದ್ದಲ್ಲ. ಒಂದೊಂದಾಗಿ ಹೇಳತೊಡಗಿದಳು.

"ಆಟ ಶುರುವಾಗೋಕೆ ನಾಲ್ಕು ನಿಮಿಷ ಹಿಡೀಬೇಕು. ಕ್ಯಾಸೆಟ್ಟು ಕೀರಲು ದನಿಯಲ್ಲಿ ಅರಚಬೇಕು. ಆಮೇಲೆ ಎರಡು ಬೀಪ್."

ರಿಪೇರಿಯವನು ತಲೆಯಾಡಿಸಿದ. ಪೆನ್ನು ಮುಟ್ಟಲಿಲ್ಲ.

"ದೋಣಿ ದಡ ಸೇರೋವಾಗ ಚಿತ್ರ ಒಂದು ಸಲ ನಡುಗುತ್ತೆ. ಬರಕೊಳ್ಳಪ್ಪಾ, ಮರೀತೀಯ."

"ಮರೆಯಲ್ಲಮ್ಮಾ."

"ಎಡಗಡೆ ಮುಟ್ಟಿದ್ರೆ ಬೆಚ್ಚಗಿರಬೇಕು. ನಮ್ಮ ಬೆಕ್ಕು ಅದಕ್ಕೆ ಒತ್ತಿಕೊಂಡೇ ಮಲಗ್ತಿತ್ತು. ಮೂರು ವರ್ಷದಿಂದ ಯಾಕೋ ಆ ಕಡೆ ಸುಳಿಯಲ್ಲ. ಪಾಪ, ಅದಕ್ಕೂ ವಯಸ್ಸಾಯ್ತು."

ರಿಪೇರಿಯವನು ತಟ್ಟನೆ ತಲೆಯೆತ್ತಿದ. ಪೆನ್ನು ಹುಡುಕಿ ಚೀಟಿಯ ಮೇಲೆ ಬರೆದುಕೊಂಡ: ಬಿಸಿ.

ಶುಕ್ರವಾರ ಮನೆಗೆ ಬಂದ ಗಂಡ ಚಪ್ಪಲಿ ಬಿಟ್ಟವನೇ ಯಂತ್ರದ ಮುಂದೆ ಕುಳಿತ. ಆಕೆ ಅಡುಗೆಮನೆಯ ಬಾಗಿಲಲ್ಲಿ, ಒರೆಸಿದ ತಟ್ಟೆಯನ್ನೇ ಒರೆಸುತ್ತ ನಿಂತಳು. ಕ್ಯಾಸೆಟ್ಟು ಅರಚಿತು. ಒಂದು ನಿಮಿಷ. ಎರಡು. ಮೂರು. ನಾಲ್ಕು. ಎರಡು ಬೀಪ್. ಪರದೆಯ ಮೇಲೆ ದೋಣಿ ಕಾಣಿಸಿತು.

ಅವಳು ಒರೆಸುವುದನ್ನು ನಿಲ್ಲಿಸಿದಳು.

ಆಗ ಬೆಕ್ಕು ಬಂತು. ಮೇಜಿಗೆ ನೆಗೆದು, ಮೂಸಿ, ಯಂತ್ರದ ಎಡಕ್ಕೆ ಬೆನ್ನು ಒತ್ತಿ ಮಲಗಿಬಿಟ್ಟಿತು.

ಗಂಡ ಕೀಲಿಯಿಂದ ಕೈ ತೆಗೆದ. ಬೆಕ್ಕನ್ನೇ ನೋಡಿದ. ಮೆಲ್ಲಗೆ ಅಂಗೈಯನ್ನು ಯಂತ್ರದ ಎಡಕ್ಕೆ ಇಟ್ಟ. ಇಟ್ಟ ಕೈ ಅಲ್ಲೇ ಉಳಿಯಿತು. ಅವನ ಮುಖದ ಬಣ್ಣ ಇಳಿಯಿತು.

"ಏನ್ರೀ? ಎದೆ ನೋವಾ?"

"ಏನಿಲ್ಲ ಕಣೇ." ಅವಳ ಮುಖವನ್ನು ಬಹಳ ಹೊತ್ತು ನೋಡಿದ. "ಯಂತ್ರ ಚೆನ್ನಾಗಿದೆ."

ನಡುನೀರಿನಲ್ಲೇ ದೋಣಿ ಬಿಟ್ಟು ಎದ್ದ. ಇಷ್ಟು ವರ್ಷದಲ್ಲಿ ಎಂದೂ ಹಾಗೆ ಎದ್ದವನಲ್ಲ. ಫೋನು ತೆಗೆದುಕೊಂಡು ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡ.

ಮುಗಿಯಿತು, ಗೊತ್ತಾಗಿಹೋಯಿತು. ಒಳಗೆ ಬರಲಿ, ಎಲ್ಲ ಒಪ್ಪಿಕೊಂಡು ಬಿಡೋಣ ಎಂದುಕೊಂಡು ತಟ್ಟೆ ಕೆಳಗಿಟ್ಟಳು.

ಬಾಲ್ಕನಿಯಲ್ಲಿ ಅವನು ರಿಪೇರಿಯವನಿಗೆ ಪಿಸುಗುಡುತ್ತಿದ್ದ: "ಏನಯ್ಯಾ, ಮೂರು ವರ್ಷದ ಹಿಂದೆ ನಾನು ನೇರ ಗೋಡೆಗೆ ಚುಚ್ಚಿ ಸುಟ್ಟುಹಾಕಿದಾಗ ನೀನು ಒಳಗೆ ಕೂರಿಸಿಕೊಟ್ಟ ಆ ನಕಲಿ ಬೋರ್ಡು ಯಾವತ್ತೂ ಬಿಸಿಯಾಗ್ತಿರಲಿಲ್ಲ, ಇವತ್ತು ಬೆಚ್ಚಗಿದೆ, ನಿಜ ಹೇಳು, ಅವಳಿಗೆ ಗೊತ್ತಾಗಿಬಿಡ್ತಾ?"